ಹಿಮ್ಮಡಿ ಮೊದಲು ತಾಗುವುದು ತಪ್ಪೇ? ಹಾಫ್ ಮ್ಯಾರಥಾನ್ ಓಟದ ಭಂಗಿ ತಿದ್ದಿಕೊಳ್ಳುವ ಬಗ್ಗೆ

ಕೆರೆಏರಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ವಯಸ್ಸು 38, ಎತ್ತರ 172 ಸೆಂ.ಮೀ., ತೂಕ 74 ಕೆ.ಜಿ. ವಾರಕ್ಕೆ ನಾಲ್ಕು ದಿನ, ಒಟ್ಟು ಸುಮಾರು 35 ಕಿ.ಮೀ. ಓಟ. ಹೆಚ್ಚಿನದು ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿಯಲ್ಲಿ, ಭಾನುವಾರದ ಉದ್ದ ಓಟ ಮಾತ್ರ ಡಾಂಬರು ರಸ್ತೆಯಲ್ಲಿ. ಸುಲಭ ಓಟದ ವೇಗ ಕಿ.ಮೀ.ಗೆ 6:30. ವಾಚು ತೋರಿಸುವ ಕೇಡೆನ್ಸ್ (ನಿಮಿಷಕ್ಕೆ ಇಡುವ ಹೆಜ್ಜೆಗಳು) 158. ಶೂ 10 ಮಿ.ಮೀ. ಡ್ರಾಪ್‌ನದು (ಹಿಮ್ಮಡಿಯ ಕಡೆ ಬೆರಳಿನ ಕಡೆಗಿಂತ ಅಷ್ಟು ಎತ್ತರ), ಸೋಲ್ ಹಿಮ್ಮಡಿಯ ಹೊರಅಂಚಿನಲ್ಲಿ ಸವೆದಿದೆ.

12 ಕಿ.ಮೀ. ದಾಟಿದ ಮೇಲೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ಹೀಲ್ ಸ್ಟ್ರೈಕ್ (ಹಿಮ್ಮಡಿ ಮೊದಲು ತಾಗುವುದು) ಬಿಟ್ಟು ಪಾದದ ಮುಂಭಾಗದ ಮೇಲೆ ಓಡಬೇಕು ಎಂದು ವಿಡಿಯೋಗಳಲ್ಲಿ ನೋಡಿ, ಮೂರು ವಾರದಿಂದ ಪೂರ್ತಿ ಹಾಗೇ ಓಡುತ್ತಿದ್ದೇನೆ. ಮಂಡಿ ನೋವು ಕಡಿಮೆಯಾಗಿದೆ ನಿಜ. ಆದರೆ ಮೀನಖಂಡ ಕಲ್ಲಿನಂತೆ ಗಟ್ಟಿಯಾಗುತ್ತಿದೆ, ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಇಡುವಾಗ ಬಲಗಾಲ ಹಿಮ್ಮಡಿಯ ಮೇಲಿನ ನರ ಹಿಡಿದುಕೊಂಡ ಹಾಗಾಗುತ್ತದೆ. ಹೀಗೇ ಮುಂದುವರಿದರೆ ಒಗ್ಗುತ್ತದೆಯೇ? ಹಳೆಯ ರೀತಿಗೆ ಮರಳಬೇಕೇ? ಹಾಫ್ ಮ್ಯಾರಥಾನ್‌ಗೆ ಇನ್ನು 9 ವಾರ ಇದೆ.

ನಾಲ್ಕನೇಲೇನ್

ಮೊದಲು ಒಂದು ಮಾತು ಇತ್ಯರ್ಥವಾಗಲಿ. ಪಾದದ ಯಾವ ಭಾಗ ಮೊದಲು ನೆಲ ಮುಟ್ಟಿತು ಎನ್ನುವುದಕ್ಕಿಂತ, ಪಾದ ದೇಹದಿಂದ ಎಷ್ಟು ಮುಂದೆ ಬಿತ್ತು ಎನ್ನುವುದು ಮುಖ್ಯ. ಮಂಡಿ ನೆಟ್ಟಗಿದ್ದು ಕಾಲು ಮುಂದಕ್ಕೆ ಚಾಚಿ ಬಿದ್ದರೆ, ಪ್ರತಿ ಹೆಜ್ಜೆಯಲ್ಲೂ ನೆಲ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ; ಬ್ರೇಕ್ ಒತ್ತಿ ಮತ್ತೆ ಆಕ್ಸಿಲರೇಟರ್ ಕೊಟ್ಟ ಹಾಗೆ. ಮಂಡಿ ಮಡಚಿಲ್ಲದ ಕಾರಣ ಆಘಾತ ಹೀರಿಕೊಳ್ಳುವ ಅವಕಾಶ ಕಡಿಮೆ, ಆಮೇಲೆ ತೊಡೆಯ ಮುಂಭಾಗದ ಸ್ನಾಯು ಒಮ್ಮೆಲೇ ಬಿಗಿದು ಮಂಡಿಚಿಪ್ಪನ್ನು ಒತ್ತುತ್ತದೆ. ನಿಮ್ಮ 12ನೇ ಕಿಲೋಮೀಟರಿನ ನೋವು ಬಹುಮಟ್ಟಿಗೆ ಇದೇ ಇರಬೇಕು. ಇದಕ್ಕೆ ಓವರ್‌ಸ್ಟ್ರೈಡಿಂಗ್ ಎನ್ನುತ್ತಾರೆ. ಕಾಲು ಚಾಚಿಕೊಂಡೇ ಬೆರಳು ಕೆಳಗೆ ಮಾಡಿ ಪಾದದ ಮುಂಭಾಗ ತಾಗಿಸಿದರೂ ಓವರ್‌ಸ್ಟ್ರೈಡಿಂಗ್ ಓವರ್‌ಸ್ಟ್ರೈಡಿಂಗೇ. ಹೊರೆ ಮಂಡಿಯಿಂದ ಇಳಿದು ಅಕಿಲೀಸ್ ಮೇಲೆ (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಟೆಂಡನ್, ನೀವು ‘ನರ’ ಎಂದದ್ದು) ಕೂತಿತು, ಅಷ್ಟೇ. ನಿಮಗೆ ಈಗ ಆಗಿರುವುದು ಅದು.

ಊಹೆ ಬೇಡ, ವಿಡಿಯೋ ತೆಗೆಯಿರಿ. ಫೋನನ್ನು ಸೊಂಟದ ಎತ್ತರದಲ್ಲಿ, ನಿಮ್ಮ ದಾರಿಗೆ ಸರಿಯಾಗಿ ಅಡ್ಡಲಾಗಿ, 5–6 ಮೀಟರ್ ದೂರದಲ್ಲಿ ಇಡಿ. ಓರೆಯಾಗಿಟ್ಟರೆ ಕೋನಗಳೆಲ್ಲ ಸುಳ್ಳು ಹೇಳುತ್ತವೆ. ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್ ಇದ್ದರೆ ಒಳ್ಳೆಯದು, 120 ಆದರೂ ನಡೆಯುತ್ತದೆ, 30 ಸಾಲದು: ನಿಮ್ಮ ವೇಗದಲ್ಲಿ ಪಾದ ನೆಲದ ಮೇಲಿರುವುದೇ ಸೆಕೆಂಡಿನ ಕಾಲುಭಾಗದಷ್ಟು, ಮೊದಲು ತಾಗುವ ಗಳಿಗೆ ಎರಡು ಫ್ರೇಮ್‌ಗಳ ನಡುವೆ ಕಳೆದುಹೋಗುತ್ತದೆ. ಹತ್ತು ನಿಮಿಷ ಓಡಿ ಮೈ ಬಿಸಿಯಾದ ಮೇಲೆ ಒಮ್ಮೆ, ಉದ್ದ ಓಟದ ಕೊನೆಯಲ್ಲಿ ಇನ್ನೊಮ್ಮೆ. ಎರಡನೆಯದೇ ನಿಜವಾದ ಭಂಗಿ. ಮೊದಲನೆಯದರಲ್ಲಿ ಎಲ್ಲರೂ ಚೆನ್ನಾಗಿ ಓಡುತ್ತಾರೆ.

ಪಾದ ನೆಲ ಮುಟ್ಟಿದ ಮೊದಲ ಫ್ರೇಮಿನಲ್ಲಿ ನಿಲ್ಲಿಸಿ. ಮಂಡಿಯಿಂದ ನೇರ ಕೆಳಕ್ಕೆ ಒಂದು ಗೆರೆ ಕಲ್ಪಿಸಿಕೊಳ್ಳಿ. ಪಾದದ ಕೀಲು ಆ ಗೆರೆಯ ಮೇಲೋ ಅದಕ್ಕಿಂತ ಸ್ವಲ್ಪ ಹಿಂದೆಯೋ ಇದ್ದರೆ, ಹಿಮ್ಮಡಿ ಮೊದಲು ತಾಗಿದರೂ ಚಿಂತೆಯಿಲ್ಲ. ಕೀಲು ಗೆರೆಯಿಂದ ಮುಂದೆ ಹೋಗಿ, ಶೂವಿನ ತುದಿ ಆಕಾಶ ನೋಡುತ್ತಿದ್ದರೆ ತಿದ್ದಬೇಕು. ಆ ಕ್ಷಣದಲ್ಲಿ ಮಂಡಿ 15–20 ಡಿಗ್ರಿಯಾದರೂ ಮಡಚಿರಬೇಕು. ‘ಪಾದ ಸೊಂಟದ ನೇರ ಕೆಳಗೇ ಬೀಳಬೇಕು’ ಎನ್ನುವ ಸಲಹೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಒಂದೇ ವೇಗದ ಓಟದಲ್ಲಿ ಪಾದ ಯಾವಾಗಲೂ ಸ್ವಲ್ಪ ಮುಂದೆಯೇ ಬೀಳುತ್ತದೆ, ಇಲ್ಲದಿದ್ದರೆ ಮುಗ್ಗರಿಸುತ್ತೀರಿ. ಆ ‘ಸ್ವಲ್ಪ’ವನ್ನು ಕಡಿಮೆ ಮಾಡುವುದಷ್ಟೇ ಕೆಲಸ.

ಅದಕ್ಕೆ ಸುಲಭವಾದ ಹಿಡಿ ಕೇಡೆನ್ಸ್. 2011ರಲ್ಲಿ ಹೈಡರ್‌ಶೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ವೇಗ ಬದಲಿಸದೆ ಹೆಜ್ಜೆಗಳ ಸಂಖ್ಯೆಯನ್ನು 5–10% ಏರಿಸಿದಾಗಲೇ ಮಂಡಿ ಮತ್ತು ಸೊಂಟದ ಮೇಲಿನ ಹೊರೆ ಕಡಿಮೆಯಾಯಿತು. ನಿಮ್ಮ ಲೆಕ್ಕ ಹೀಗೆ: 6:30ರ ವೇಗ ಅಂದರೆ ನಿಮಿಷಕ್ಕೆ ಸುಮಾರು 154 ಮೀಟರ್. 158 ಹೆಜ್ಜೆಗೆ ಒಂದೊಂದು ಹೆಜ್ಜೆ 97 ಸೆಂ.ಮೀ. 5% ಏರಿಸಿ 166 ಮಾಡಿದರೆ 93 ಸೆಂ.ಮೀ. ಬರೀ ನಾಲ್ಕು ಸೆಂಟಿಮೀಟರ್! ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಒಂದು ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ ಇಡುತ್ತೀರಿ.

ಫೋನಿನ ಮೆಟ್ರೊನೋಮ್ ಆ್ಯಪ್ (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವುದು) ಅನ್ನು 166ಕ್ಕೆ ಇಡುವ ಬದಲು 83ಕ್ಕೆ ಇಟ್ಟು ಬಲಗಾಲಿಗೆ ಮಾತ್ರ ಹೊಂದಿಸಿ, ಕಿವಿಗೆ ಹಿತ. ಮೊದಲ ಎರಡು ವಾರ ವಾರದಲ್ಲಿ ಎರಡು ದಿನ, ಸುಲಭ ಓಟದ ನಡುವೆ 1 ನಿಮಿಷ ಮೆಟ್ರೊನೋಮಿಗೆ, 2 ನಿಮಿಷ ಮಾಮೂಲಿಗೆ, ಹೀಗೆ ಐದು ಸಲ. ಮುಂದಿನ ಎರಡು ವಾರ 3 ನಿಮಿಷ, 1 ನಿಮಿಷ. ಐದು-ಆರನೇ ವಾರದಲ್ಲಿ 30 ನಿಮಿಷದ ಸುಲಭ ಓಟ ಪೂರ್ತಿ. ಉದ್ದ ಓಟಕ್ಕೆ ಕೊನೆಯಲ್ಲಿ ತನ್ನಿ. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಹೆಜ್ಜೆ ಬೇಗವಾದಂತೆ ವೇಗವೂ ಏರುತ್ತದೆ, ಏದುಸಿರು ಬರುತ್ತದೆ, ‘ಇದು ನನಗಾಗದು’ ಎಂದು ಬಿಡುತ್ತಾರೆ. ವಾಚಿನಲ್ಲಿ 6:30 ಹಾಗೇ ಉಳಿಯಬೇಕು. ಫೋನ್ ಕೈಯಲ್ಲಿ ಹಿಡಿದಿದ್ದರೆ, ತೋಳು ಬೀಸದಿದ್ದರೆ ಕೈಗಡಿಯಾರದ ಕೇಡೆನ್ಸ್ ಲೆಕ್ಕ ತಪ್ಪಬಹುದು. ಆಗಾಗ 30 ಸೆಕೆಂಡ್ ಬಲಗಾಲನ್ನು ನೀವೇ ಎಣಿಸಿ ನಾಲ್ಕರಿಂದ ಗುಣಿಸಿ. 41–42 ಬಂದರೆ ಸರಿ.

‘ಕೇಡೆನ್ಸ್ 180 ಇರಲೇಬೇಕು’ ಎನ್ನುವ ಮಾತಿನ ಬೆನ್ನು ಹತ್ತಬೇಡಿ. ಕೋಚ್ ಜ್ಯಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಎಣಿಸಿದ ಸಂಖ್ಯೆ ಅದು. ಅವರು ಎಣಿಸಿದ್ದು ವಿಶ್ವದ ಅತಿ ವೇಗದ ಓಟಗಾರರನ್ನು, ಸ್ಪರ್ಧೆಯ ವೇಗದಲ್ಲಿ. 6:30ರ ಓಟಕ್ಕೆ ಅದನ್ನು ಕಡ್ಡಾಯ ಮಾಡುವುದರಲ್ಲಿ ಅರ್ಥವಿಲ್ಲ.

ಬರಿಗಾಲು

ನಾಲ್ಕನೇಲೇನ್ ಅವರು ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ಒಪ್ಪಿಗೆ ಇದೆ, ಆದರೆ ಪಾದ ತಾಗುವ ರೀತಿಯನ್ನು ಇಷ್ಟು ಹಗುರವಾಗಿ ಬದಿಗಿಡಬೇಡಿ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದೇನು? ಮೊದಲಿಂದಲೂ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಪಾದದ ಮುಂಭಾಗ ಅಥವಾ ನಡುಭಾಗದ ಮೇಲೆ ಇಳಿಯುತ್ತಾರೆ. ಹಿಮ್ಮಡಿ ಅಪ್ಪಳಿಸಿದಾಗ ನೆಲದ ಬಲದ ನಕ್ಷೆಯಲ್ಲಿ ಕಾಣುವ ಆ ಚೂಪಾದ ಹೊಡೆತದ ಗೆರೆ ಅವರಲ್ಲಿ ಇಲ್ಲವೆನ್ನುವಷ್ಟು ಸಣ್ಣದು. ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದರು. ದಪ್ಪ ಸೋಲ್ ಇಲ್ಲದಿದ್ದರೆ ಪಾದವೇ ಪಾಠ ಹೇಳುತ್ತದೆ.

ಕೆರೆಏರಿ ಅವರಿಗೆ ಸಲಹೆ: ಅಕಿಲೀಸ್ ತಣ್ಣಗಾದ ಮೇಲೆ, ವಾರಕ್ಕೆರಡು ದಿನ, ಸುಲಭ ಓಟ ಮುಗಿದ ಬಳಿಕ ಸಮತಟ್ಟಾದ ಹುಲ್ಲಿನ ಮೈದಾನದಲ್ಲಿ ಬರಿಗಾಲಲ್ಲಿ 100 ಮೀಟರಿನಂತೆ ನಾಲ್ಕು ಸಲ. ಮೊದಲು ಒಂದು ಸುತ್ತು ನಡೆದು ಗಾಜು, ಮುಳ್ಳು ನೋಡಿಕೊಳ್ಳಿ. ಬರಿಗಾಲಲ್ಲಿ ಹೆಚ್ಚಿನವರು ಕಾಲು ಚಾಚಿ ಹಿಮ್ಮಡಿ ಕುಟ್ಟುವುದಿಲ್ಲ, ಮೈ ತಾನೇ ತಿದ್ದಿಕೊಳ್ಳುತ್ತದೆ. ಆ ಅನುಭವವನ್ನು ಶೂ ಹಾಕಿದ ಓಟಕ್ಕೆ ಒಯ್ಯಿರಿ.

ನಾಲ್ಕನೇಲೇನ್

ಬರಿಗಾಲು ಅವರೇ, ಹುಲ್ಲಿನ ಮೇಲಿನ 4×100 ಒಳ್ಳೆಯ ಸಲಹೆ, ಸೇರಿಸಿಕೊಳ್ಳಲಿ. ಆದರೆ ಲೀಬರ್‌ಮನ್ ಅಧ್ಯಯನದ ಜೊತೆಗೆ ಇನ್ನು ಕೆಲವನ್ನೂ ಇಟ್ಟು ನೋಡಬೇಕು. ಉತ್ತರ ಕೀನ್ಯಾದ ದಾಸನಚ್ ಜನ ಕೂಡ ಮೊದಲಿಂದ ಬರಿಗಾಲಿನವರೇ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರಲ್ಲಿ ಹೆಚ್ಚಿನವರು ತಮಗೆ ಹಿತವಾದ ದೂರದ ಓಟದ ವೇಗದಲ್ಲಿ ಹಿಮ್ಮಡಿಯನ್ನೇ ಮೊದಲು ಇಟ್ಟರು. ವೇಗ ಏರಿದಂತೆ ಹಿಮ್ಮಡಿ ಬಿಟ್ಟವರ ಸಂಖ್ಯೆ ಹೆಚ್ಚಿತು. ಜಪಾನಿನ ಸಪ್ಪೊರೊ ಹಾಫ್ ಮ್ಯಾರಥಾನಿನ 15ನೇ ಕಿಲೋಮೀಟರಿನಲ್ಲಿ ಉನ್ನತ ಮಟ್ಟದ ಓಟಗಾರರನ್ನು ಚಿತ್ರಿಸಿದಾಗ ನಾಲ್ವರಲ್ಲಿ ಮೂವರು ಹೀಲ್ ಸ್ಟ್ರೈಕರ್‌ಗಳು. ಹಸೆಗಾವಾ ಮತ್ತು ಸಂಗಡಿಗರು ಇದನ್ನು 2007ರಲ್ಲಿ ಪ್ರಕಟಿಸಿದರು. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್ ಮ್ಯಾರಥಾನಿನಲ್ಲೂ ಗಂಡಸರಲ್ಲಿ, ಹೆಂಗಸರಲ್ಲಿ ಹಿಮ್ಮಡಿಯವರೇ ಹೆಚ್ಚು. ಹಾಗಾಗಿ ನಿಧಾನದ ಓಟದಲ್ಲಿ ಹಿಮ್ಮಡಿ ಮೊದಲು ತಾಗುವುದನ್ನು ದೋಷವೆಂದು ಕರೆಯಲು ನಾನು ಸಿದ್ಧನಿಲ್ಲ.

ಭಂಗಿಯ ಉಳಿದದ್ದು ಚುಟುಕಾಗಿ. ಮುಂದಕ್ಕೆ ಬಾಗುವುದು ಪಾದದ ಕೀಲಿನಿಂದ, ನೆಟ್ಟ ಬಿದಿರಿನ ಕೋಲು ಗಾಳಿಗೆ ವಾಲಿದ ಹಾಗೆ ಇಡೀ ಮೈ ಸ್ವಲ್ಪವೇ. ಸೊಂಟದಿಂದ ಬಾಗಿದರೆ ಕುಂಡಿ ಹಿಂದೆ ಉಳಿದು ಕಾಲು ಮತ್ತೆ ಮುಂದೆ ಚಾಚುತ್ತದೆ. ಮೊಣಕೈ ಸುಮಾರು 90 ಡಿಗ್ರಿ, ಮುಷ್ಟಿ ಎದೆಯ ನಡುಗೆರೆ ದಾಟಬಾರದು. ನೋಟ 15–20 ಮೀಟರ್ ಮುಂದಿರಲಿ. ಓಡುವಾಗ ತಲೆಯಲ್ಲಿ ಒಂದೇ ಸೂಚನೆ ಇಟ್ಟುಕೊಳ್ಳಿ: ‘ಹಿಂದಿನ ಕಾಲನ್ನು ಬೇಗ ಎತ್ತು’. ‘ಸದ್ದಿಲ್ಲದೆ ಇಳಿ’ ಎಂಬುದೂ ಒಳ್ಳೆಯ ಸೂಚನೆಯೇ, ಆದರೆ ಅದನ್ನು ಹಿಡಿದವರು ತುದಿಗಾಲಿಗೆ ಹೋಗಿಬಿಡುತ್ತಾರೆ. ನಿಮಗೆ ಸದ್ಯ ಅದು ಬೇಡ.

ಧಾರವಾಡ ಫಿಸಿಯೋ

ಕೆರೆಏರಿಯವರ, ಭಂಗಿ ಮಾತು ಆಮ್ಯಾಲ. ಮೊದಲು ಆ ಅಕಿಲೀಸ್ ನೋಡ್ರಿ. ಬೆಳಿಗ್ಗೆ ಎದ್ದಾಗ ಹಿಡಕೊಳ್ಳೂದು, ನಾಕು ಹೆಜ್ಜೆ ನಡದ ಮ್ಯಾಲ ಬಿಡೂದು, ಇದು ಟೆಂಡನ್ನಿಗೆ ಹೊರೆ ಜಾಸ್ತಿ ಆಗೇತಿ ಅನ್ನೂದರ ಮೊದಲ ಲಕ್ಷಣ. ‘ಒಗ್ಗತೈತಿ’ ಅಂತ ಅದರ ಮ್ಯಾಲ ಓಡಬ್ಯಾಡ್ರಿ. ಸ್ನಾಯು ಕೆಲವು ವಾರದಾಗ ಗಟ್ಟಿ ಆಗತಾವ, ಟೆಂಡನ್ನಿಗೆ ತಿಂಗಳುಗಟ್ಟಲೆ ಬೇಕು. ಇವತ್ತಿಂದನ ಮುಂಭಾಗದ ಮ್ಯಾಲ ಓಡೂದು ನಿಲ್ಲಿಸಿ, ನಿಮ್ಮ ಹಳೆ 10 ಮಿ.ಮೀ. ಡ್ರಾಪ್ ಶೂದಾಗ ಹಳೆ ರೀತಿನ ಓಡ್ರಿ. ದೂರ ಅರ್ಧಕ್ಕ ಇಳಿಸ್ರಿ, ಏರು ರಸ್ತೆ ಮತ್ತು ವೇಗದ ಓಟ ಎರಡು ವಾರ ಬ್ಯಾಡ.

ಬೆರಳಿಂದ ಒತ್ತಿ ನೋವು ಎಲ್ಲಿ ಐತಿ ಹುಡುಕ್ರಿ. ಹಿಮ್ಮಡಿ ಮೂಳೆಯಿಂದ 2–6 ಸೆಂ.ಮೀ. ಮ್ಯಾಲ ಇದ್ರ ಒಂದು ನಮೂನಿ, ಮೂಳೆಗೆ ಅಂಟಿಕೊಂಡ ಜಾಗದಾಗ ಇದ್ರ ಇನ್ನೊಂದು. ಎರಡನೇದಕ್ಕ ಮೆಟ್ಟಿಲ ಅಂಚಿನ ಮ್ಯಾಲ ನಿಂತು ಹಿಮ್ಮಡಿ ಕೆಳಗ ಇಳಿಬಿಡೂ ವ್ಯಾಯಾಮ ಮಾಡಬಾರದು, ಟೆಂಡನ್ ಮೂಳೆಗೆ ಒತ್ತಿ ನೋವು ಹೆಚ್ಚಾಗತೈತಿ. ಸಪಾಟ ನೆಲದ ಮ್ಯಾಲ ಅಷ್ಟ ಮಾಡ್ರಿ. ಗೋಡೆಗೆ ಕೈ ಹಚ್ಚಿ ಮೀನಖಂಡ ಜಗ್ಗೂದು ಸುದ್ದಾ ಬ್ಯಾಡ.

ಮೊದಲ ವಾರ: ಒಂದ ಕಾಲಿನ ಮ್ಯಾಲ ನಿಂತು ಹಿಮ್ಮಡಿ ಅರ್ಧ ಎತ್ತಿ 45 ಸೆಕೆಂಡ್ ಹಿಡೀರಿ, 2 ನಿಮಿಷ ಬಿಡುವು, ಐದು ಸಲ, ದಿನಾ. ಎರಡನೇ ವಾರದಿಂದ ದಿನ ಬಿಟ್ಟು ದಿನ: 3 ಸೆಕೆಂಡ್ ಏರಿ 3 ಸೆಕೆಂಡ್ ಇಳೀರಿ, 15ರಂಗ ಮೂರು ಸೆಟ್. ಅದರಾಗ ಅರ್ಧ ಮಂಡಿ ನೆಟ್ಟಗ ಇಟ್ಟು, ಅರ್ಧ ಮಂಡಿ ಮಡಚಿ. ಮಡಚಿದ್ದನ್ನ ಎಲ್ಲಾರೂ ಬಿಡತಾರ, ಆದ್ರ ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯು ಬಲಿಯೂದು ಅದರಿಂದನ, ದೂರದ ಓಟದಾಗ ಭಾಳ ಕೆಲಸ ಮಾಡೂದೂ ಅದ. ಸಲೀಸು ಅನಿಸಿದ್ರ ಬೆನ್ನಿನ ಬ್ಯಾಗಿನಾಗ 5 ಕೆ.ಜಿ. ಅಕ್ಕಿ ಚೀಲ, ಆಮ್ಯಾಲ 10 ಕೆ.ಜಿ., ಸಂಖ್ಯೆ 8ಕ್ಕ ಇಳಿಸ್ರಿ. ಮಾಡುವಾಗ ಹತ್ತರಾಗ ಮೂರರಷ್ಟು ನೋವು ಇದ್ರ ನಡೀತೈತಿ. ಮರುದಿನ ಮುಂಜಾನೆ ಹಿಡಿತ ನಿನ್ನೆಗಿಂತ ಜಾಸ್ತಿ ಆತಂದ್ರ ವ್ಯಾಯಾಮದ ಹಿಂದಿನ ಹಂತಕ್ಕ ಬರ್ರಿ. ಇದನ್ನ 12 ವಾರ ಬಿಡಬ್ಯಾಡ್ರಿ. ನೋವು ಅದಕ್ಕೂ ಮೊದಲ ಹೋದ್ರೂ ಬಿಡಬ್ಯಾಡ್ರಿ. ಒಂದ ಕಾಲಿನ ಮ್ಯಾಲ ಪೂರ್ತಿ ಎತ್ತರಕ್ಕ 25 ಸಲ, ಎರಡೂ ಕಾಲಿಗೆ ಸಮ ಆಗೂತನಕ ಪಾದದ ಮುಂಭಾಗದ ಓಟದ ವಿಚಾರ ಮಾಡಬ್ಯಾಡ್ರಿ.

ಓಡುವಾಗ ‘ಪಟ್’ ಅಂತ ಸಪ್ಪಳ ಆಗಿ ತುದಿಗಾಲಿನ ಮ್ಯಾಲ ನಿಲ್ಲಾಕ ಆಗಲಿಲ್ಲ ಅಂದ್ರ ಟೆಂಡನ್ ಹರದಿರಬಹುದು, ಅವತ್ತ ಮೂಳೆ ಡಾಕ್ಟರ್ ಹತ್ರ ಹೋಗ್ರಿ. ಪಾದದ ಮ್ಯಾಲಭಾಗದಾಗ, ಎರಡು-ಮೂರನೇ ಬೆರಳಿನ ಹಿಂದಿನ ಮೂಳೆ ಮ್ಯಾಲ ಒಂದ ಬಿಂದುವಿನಾಗ ಒತ್ತಿದ್ರ ನೋವು ಇದ್ರ ಓಟ ಪೂರ್ತಿ ನಿಲ್ಲಿಸ್ರಿ. ಒಮ್ಮೆಲೇ ಮುಂಭಾಗಕ್ಕ ಹೋದವರಿಗೆ, ತೆಳ್ಳನ ಸೋಲ್ ಹಾಕಿದವರಿಗೆ ಅಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೆಯಾಗ ಸಣ್ಣ ಬಿರುಕು) ಆಗತೈತಿ, ಮೊದಲ ಎರಡು-ಮೂರು ವಾರ ಎಕ್ಸ್‌ರೇದಾಗ ಕಾಣಲಾರದಿರಬಹುದು. ಇನ್ನೊಂದು, ಯಾರೂ ಕೇಳೂದಿಲ್ಲ: ಇತ್ತೀಚಿಗೆ ಸಿಪ್ರೊಫ್ಲಾಕ್ಸಾಸಿನ್, ಲೀವೊಫ್ಲಾಕ್ಸಾಸಿನ್ ತಗೊಂಡೀರೇನು? ಆ ಗುಂಪಿನ ಆಂಟಿಬಯೋಟಿಕ್‌ನಿಂದ ಟೆಂಡನ್ ಹರಿಯೂ ಅಪಾಯ ಏರತೈತಿ. ತಗೊಂಡಿದ್ರ ಡಾಕ್ಟರಿಗೆ ಹೇಳ್ರಿ.

ಕೆರೆಏರಿ (ಮೈಸೂರು)

ತುಂಬಾ ಧನ್ಯವಾದಗಳು. ಆಂಟಿಬಯೋಟಿಕ್ ತೆಗೆದುಕೊಂಡಿಲ್ಲ. ಒತ್ತಿದಾಗ ನೋವು ಹಿಮ್ಮಡಿಯಿಂದ ಮೂರು ಬೆರಳು ಮೇಲೆ, ಮೂಳೆಯ ಹತ್ತಿರ ಇಲ್ಲ. ಹಳೆಯ ರೀತಿಯಲ್ಲಿ ಓಡಿ ವಿಡಿಯೋ ತೆಗೆದೆ: ಪಾದದ ಕೀಲು ಮಂಡಿಯ ಗೆರೆಗಿಂತ ಅಂಗೈ ಅಗಲದಷ್ಟು ಮುಂದಿದೆ. ಹಿಂದಿನಿಂದ ತೆಗೆದದ್ದರಲ್ಲಿ ಬಲಗಾಲು ನಡುಗೆರೆ ದಾಟಿ ಎಡಕ್ಕೆ ಬೀಳುತ್ತಿದೆ, ಆಗ ಎಡಸೊಂಟ ಕೆಳಗಿಳಿಯುತ್ತದೆ. ಶೂ ಬದಲಿಸಬೇಕೇ? ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇಳಿಯುವಾಗಲೇ ಮಂಡಿ ಹೆಚ್ಚು ನೋಯುವುದು, ಅದಕ್ಕೇನು ಮಾಡಲಿ?

ಸೋಲ್‌ಸವೆತ

ಶೂ ಬಗ್ಗೆ ನಾನು ಹೇಳುತ್ತೇನೆ. ಹಿಮ್ಮಡಿಯ ಹೊರಅಂಚು ಸವೆಯುವುದು ಸಹಜ. ಪಾದ ಸ್ವಲ್ಪ ಹೊರಮಗ್ಗುಲಾಗಿ ಬಂದು ಇಳಿಯುತ್ತದೆ. ಸವೆತ ನೋಡಿ ‘ನಿಮ್ಮ ಪಾದದಲ್ಲಿ ದೋಷವಿದೆ, ಈ ಶೂ ತಗೊಳ್ಳಿ’ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ನೋಡಬೇಕಾದದ್ದು ಎಡ-ಬಲ ವ್ಯತ್ಯಾಸ. ಎರಡನ್ನೂ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ: ಒಂದು ವಾಲಿದ್ದರೆ ಒಳಗಿನ ಫೋಮ್ ಒಂದು ಕಡೆ ಕುಸಿದಿದೆ, ಬದಲಿಸಿ. ಸಾಮಾನ್ಯವಾಗಿ 500–800 ಕಿ.ಮೀ. ಬಾಳಿಕೆ, ವಾರಕ್ಕೆ 35ರಂತೆ 600 ಕಿ.ಮೀ. ಅಂದರೆ 17 ವಾರ.

ಈಗ ಡ್ರಾಪ್ ಇಳಿಸುವ ಪ್ರಶ್ನೆಯೇ ಇಲ್ಲ, ಅಕಿಲೀಸಿಗೆ ಆ 10 ಮಿ.ಮೀ. ಆಸರೆ. ಮುಂದೆಂದಾದರೂ ಇಳಿಸುವುದಾದರೆ ಒಂದು ಸಲಕ್ಕೆ 2–4 ಮಿ.ಮೀ.ಗಿಂತ ಹೆಚ್ಚು ಬೇಡ, ಹೊಸ ಜೋಡಿಯನ್ನು ವಾರದ ಅತಿ ಚಿಕ್ಕ ಓಟಕ್ಕೆ ಮಾತ್ರ ಹಾಕಿ, ಎರಡು ತಿಂಗಳಲ್ಲಿ ನಿಧಾನವಾಗಿ ಹೆಚ್ಚಿಸಿ. ‘ಐದು ಬೆರಳಿನ’ ತೆಳು ಶೂ ಮಾರಿದ ವೈಬ್ರಮ್ ಕಂಪನಿ ಆರೋಗ್ಯದ ಲಾಭದ ಬಗ್ಗೆ ಮಾಡಿದ ಜಾಹೀರಾತಿನ ಮೊಕದ್ದಮೆಯನ್ನು 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತ್ತು. ಭಂಗಿಯನ್ನು ಶೂ ಕಲಿಸುತ್ತದೆ ಎಂಬ ಮಾತಿಗೆ ಹಣ ಕೊಡುವ ಮೊದಲು ಇದು ನೆನಪಿರಲಿ.

ನಾಲ್ಕನೇಲೇನ್

ನಡುಗೆರೆ ದಾಟುವುದಕ್ಕೆ: ಟ್ರ್ಯಾಕಿನಲ್ಲಿ ಲೇನಿನ ಬಿಳಿಗೆರೆಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಓಡಿ, ಬಲಪಾದ ಗೆರೆಯ ಬಲಕ್ಕೇ ಬೀಳಬೇಕು, ಗೆರೆ ತುಳಿಯಬಾರದು. 100 ಮೀಟರ್ ಆರು ಸಲ, ನಡುವೆ ನಡಿಗೆ. ಬಲಗಾಲ ಮೇಲೆ ನಿಂತಾಗ ಎಡಸೊಂಟ ಇಳಿಯುತ್ತದೆಂದರೆ ದುರ್ಬಲವಾಗಿರುವುದು ಬಲಸೊಂಟದ ಹೊರಬದಿಯ ಸ್ನಾಯು ಆಗಿರಬಹುದು. 15 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು, ಎಡ ಹಿಮ್ಮಡಿ ನೆಲಕ್ಕೆ ಸೋಕುವಷ್ಟು ಮಾತ್ರ ಇಳಿದು ಏರಿ, 8ರಂತೆ ಮೂರು ಸೆಟ್, ಕನ್ನಡಿಯ ಮುಂದೆ. ಬಲಮಂಡಿ ಒಳಕ್ಕೆ ವಾಲಿದರೆ ಎತ್ತರ ಕಡಿಮೆ ಮಾಡಿ. ಆಮೇಲೆ ಎಡಗಾಲಿಗೂ ಅಷ್ಟೇ.

ಬೆಟ್ಟದಿಂದ ಇಳಿಯುವಾಗ ಹಿಮ್ಮಡಿ ತಾಗಿಯೇ ತಾಗುತ್ತದೆ, ಅದನ್ನು ತಡೆಯಲು ಹೋಗಬೇಡಿ. ಹೆದರಿ ಹಿಂದಕ್ಕೆ ವಾಲುವುದೇ ಮಂಡಿಯನ್ನು ಕೊಲ್ಲುವುದು: ಹಿಂದೆ ವಾಲಿದಷ್ಟೂ ಕಾಲು ಮುಂದೆ ಚಾಚುತ್ತದೆ. ಎದೆಯನ್ನು ರಸ್ತೆಯ ಇಳಿಜಾರಿಗೆ ಹೊಂದಿಸಿ, ಹೆಜ್ಜೆ ಚಿಕ್ಕದು, ಕೇಡೆನ್ಸ್ 170ರ ಆಸುಪಾಸು. ಸದ್ಯಕ್ಕೆ ಇಳಿಯುವುದು ಪೂರ್ತಿ ನಡಿಗೆ. ಫಿಸಿಯೋ ಹೇಳಿದ ವ್ಯಾಯಾಮ ಆರು ವಾರ ದಾಟಿದ ಮೇಲೆ ಹತ್ತು ದಿನಕ್ಕೊಮ್ಮೆ 1 ಕಿ.ಮೀ. ಇಳಿಜಾರಿನಿಂದ ಶುರು ಮಾಡಿ. ತೊಡೆ ನೋವು ಮೂರು ದಿನದವರೆಗೆ ಉಳಿಯಬಹುದು, ಅದು ಆರುವ ತನಕ ಮತ್ತೆ ಇಳಿಜಾರು ಬೇಡ. ಬೆಟ್ಟದ ಮೆಟ್ಟಿಲುಗಳನ್ನು ಹತ್ತುವುದಕ್ಕೆ ಬಳಸಿ, ಓಡಿ ಇಳಿಯುವುದಕ್ಕಲ್ಲ. ಹತ್ತುವುದು ಕೂಡ ಅಕಿಲೀಸ್ ಸುಮ್ಮನಾದ ಮೇಲೆಯೇ.

9 ವಾರದ ಹಾಫ್ ಬಗ್ಗೆ: ಮೊದಲ ಎರಡು ವಾರ ಅರ್ಧ ದೂರ, ಮೆಟ್ರೊನೋಮ್ ಬೇಡ. ಮೂರರಿಂದ ಆರನೇ ವಾರದವರೆಗೆ ಮೇಲೆ ಹೇಳಿದ ಮೊದಲ ಎರಡು ಹಂತ. ಕೊನೆಯ ಮೂರು ವಾರ ಹೊಸದೇನೂ ಸೇರಿಸಬೇಡಿ. ಓಟದ ದಿನ ಕೇಡೆನ್ಸ್ ಎಣಿಸಲು ಹೋಗದೆ ಬಂದ ಹಾಗೆ ಓಡಿ. ಆರನೇ ವಾರದ ಕೊನೆಗೂ ಬೆಳಗಿನ ಹಿಡಿತ ಇದ್ದೇ ಇದ್ದರೆ ಹಾಫ್ ಬಿಟ್ಟು 10 ಕಿ.ಮೀ.ಗೆ ಇಳಿಯಿರಿ. ಆಗ ಅದೇ ಜಾಗದಲ್ಲಿ, ಅದೇ ಶೂ, ಅದೇ 6:30ರ ವೇಗದಲ್ಲಿ ಮತ್ತೊಂದು ವಿಡಿಯೋ ತೆಗೆದು ಇಲ್ಲಿ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಕೆರೆಏರಿ (ಮೈಸೂರು)

ಆಗಲಿ ಸರ್. ನಾಳೆಯಿಂದ 45 ಸೆಕೆಂಡಿನದು ಶುರು. ಆರನೇ ವಾರ ಮುಗಿದ ಭಾನುವಾರ ವಿಡಿಯೋ ಹಾಕುತ್ತೇನೆ.